ಕಾಸಲಾತ್ತಿಕೊಗೆ ಹೋಗುವ ದಾರಿ

ಅಧಿಕಾರವು ಮನುಷ್ಯನ ಒಳಗಿರುವುದನ್ನೆಲ್ಲ ಹೊರಗೆ ಹಾಕುತ್ತದೆ ಎಂದು ದೊಡ್ಡವರು ಗಂಭೀರವಾಗಿ ಹೇಳುವುದುಂಟು. ಇರಬಹುದು. ನಾನು ಚಿಕ್ಕವನಿದ್ದಾಗ, ಸರಿಯಾಗಿ ಹೇಳಬೇಕೆಂದರೆ ಒಂಬತ್ತು ವರ್ಷದವನಿದ್ದಾಗ, ನನ್ನ ಕೈಗೆ ಬಂದ ಅಧಿಕಾರವು ಹೊರಗೆ ಹಾಕಿದ್ದು ಎರಡು ಮನೆಗಳ ಕಸವನ್ನು ಮಾತ್ರ.

ಅದು ಕೊರೊನಾ ಬಂದ ವರ್ಷ. ನಾವು ಐರ್ಲೆಂಡಿನ ಡ್ರೋಹೆಡಾದಲ್ಲಿದ್ದೆವು. ಅಪ್ಪ ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು. ಶಾಲೆಗೆ ಬೀಗ ಬಿದ್ದ ವಾರ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೊಸ ಮಂತ್ರಿಮಂಡಲ ರಚಿಸುವವರ ಹಾಗೆ ಖಾತೆಗಳನ್ನು ಹಂಚಿದರು. ಅಮ್ಮನಿಗೆ ಗೃಹ ಖಾತೆ. ಕಂಪ್ಯೂಟರಿನ ಮುಂದೆ ಕೂತು ಮಾಡುವ ಆಫೀಸಿನ ಕೆಲಸ ಅದರ ಮೇಲೆ ಹೆಚ್ಚುವರಿ. ಹದಿನಾಲ್ಕು ವರ್ಷದ ಅಕ್ಕನಿಗೆ ಹಾಲು, ತರಕಾರಿ ಮತ್ತು ನನ್ನನ್ನು ಗದರುವ ಖಾತೆ. ಹಂಚಿ ಉಳಿದದ್ದು ಕಸ. ಅದನ್ನು ನನಗೆ ಕೊಟ್ಟು, ಪಕ್ಕದ ಮನೆಯ ಕಸವನ್ನೂ ಅದಕ್ಕೇ ಸೇರಿಸಿದರು.

ಪಕ್ಕದ ಮನೆಯಲ್ಲಿ ನೊನ್ನೊ ಒಬ್ಬರೇ ಇದ್ದರು. ನೊನ್ನೊ ಎಂದರೆ ಇಟಲಿಯ ಭಾಷೆಯಲ್ಲಿ ತಾತ. ಹಾಗೆ ಕರೆಯಿರಿ ಎಂದು ಅವರೇ ಹೇಳಿದ್ದರಿಂದ ಅವರ ನಿಜವಾದ ಹೆಸರನ್ನು ನಾವು ಯಾರೂ ವಿಚಾರಿಸಲಿಲ್ಲ. ಎಂಬತ್ತು ದಾಟಿದ್ದರು. ಐವತ್ತು ವರ್ಷ ಊರಿನಲ್ಲಿ ಚಿಪ್ಪರ್ ನಡೆಸಿದವರು. ಮೀನು ಮತ್ತು ಆಲೂಗಡ್ಡೆಯ ಚಿಪ್ಸ್ ಕರಿದು ಕಾಗದದಲ್ಲಿ ಸುತ್ತಿ ಕೊಡುವ ಅಂಗಡಿಗೆ ಐರ್ಲೆಂಡಿನಲ್ಲಿ ಚಿಪ್ಪರ್ ಅನ್ನುತ್ತಾರೆ. ಅವರ ಮಗಳು ದೇಶದ ಇನ್ನೊಂದು ತುದಿಯಲ್ಲಿ, ಗಾಲ್ವೇಯಲ್ಲಿದ್ದಳು. ಆಗ ಯಾರೂ ತಮ್ಮ ಮನೆಯಿಂದ ಮೊದಲು ಎರಡು, ಆಮೇಲೆ ಐದು ಕಿಲೋಮೀಟರ್ ದಾಟಿ ಹೋಗುವಂತಿರಲಿಲ್ಲ. ಅವಳು ಫೋನಿನಲ್ಲಿ ಅತ್ತಾಗ ಅಮ್ಮ, "ನಾವಿದ್ದೀವಿ, ನೀವೇನೂ ಯೋಚನೆ ಮಾಡ್ಬೇಡಿ" ಎಂದು ಮಾತು ಕೊಟ್ಟಿದ್ದಳು.

ಎಪ್ಪತ್ತು ದಾಟಿದವರೆಲ್ಲ ಮನೆಯೊಳಗೇ ಇರಬೇಕೆಂದು ಸರ್ಕಾರದ ಆಜ್ಞೆಯಾಗಿತ್ತು. ಅದಕ್ಕೆ ಅವರು ಇಟ್ಟ ಹೆಸರು 'ಕಕೂನ್', ಅಂದರೆ ರೇಷ್ಮೆಗೂಡು. ಅಮ್ಮ ರಾಮನಗರದವಳು, ಗೂಡಿನ ಮಾರುಕಟ್ಟೆಯ ವಾಸನೆಯಲ್ಲೇ ಬೆಳೆದವಳು. ರೇಡಿಯೋದಲ್ಲಿ ಆ ಮಾತು ಕೇಳಿ ಸೌಟು ಕೆಳಗಿಟ್ಟಳು.

"ಗೂಡು ಕಟ್ಟಿಸಿ ಆಮೇಲೇನ್ ಮಾಡ್ತಾರೆ ಅಂತ ಈ ಸರ್ಕಾರದವ್ರಿಗೆ ಯಾರಾದ್ರೂ ಹೇಳ್ರಪ್ಪಾ. ಕುದಿಯೋ ನೀರಿಗೆ ಹಾಕ್ತಾರೆ!"

ಇದನ್ನು ನಾನು ನೊನ್ನೊಗೆ ತಲುಪಿಸಿದಾಗ ಅವರು ಮೀಸೆ ನೆನೆಯುವಷ್ಟು ನಕ್ಕರು.

ಬುಧವಾರ ಕಸದ ಲಾರಿಯ ದಿನ. ಕಪ್ಪು, ಹಸಿರು, ಕಂದು ಎಂದು ಮನೆಗೆ ಮೂರು ಚಕ್ರದ ಡಬ್ಬಿಗಳು. ಯಾವ ವಾರ ಯಾವುದು ಎಂಬುದಕ್ಕೆ ಫ್ರಿಜ್ಜಿನ ಮೇಲೊಂದು ಪಂಚಾಂಗ. ಬೆಳಿಗ್ಗೆ ಅಮ್ಮ ಹಿತ್ತಲ ಬಾಗಿಲಿನಿಂದ, "ಕಸ ಹಾಕಿದ್ಯೇನೋ? ಕಸ! ಕಸಾ!" ಎಂದು ಕೂಗುವ ಕೂಗಿಗೆ ಬಾಯ್ನ್ ನದಿಯ ಮೇಲಿನ ಸಮುದ್ರಹಕ್ಕಿಗಳು ಏಳುತ್ತಿದ್ದವು. ಗೋಡೆಯಾಚೆ ನೊನ್ನೊ ಕೂಡ ಆ ಮಾತನ್ನು ಕಲಿತರು. ಬುಧವಾರ ನಾನು ಅವರ ಅಂಗಳಕ್ಕೆ ಹೋದರೆ ಮುಂದಿನ ಕಿಟಕಿಯ ಗಾಜಿನ ಹಿಂದೆ ನಿಂತು, ಬೆರಳು ರಸ್ತೆಯ ಕಡೆ ಚಾಚಿ, "ಕಾಸಾ! ಕಾಸಾ!" ಅನ್ನುತ್ತಿದ್ದರು. ಅವರ ನಾಲಿಗೆಯಲ್ಲಿ ಕಸ ಸ್ವಲ್ಪ ಉದ್ದವಾಗುತ್ತಿತ್ತು. ಹೇಳಿದ ಮೇಲೆ ಪ್ರತಿ ಸಲವೂ ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ. ಮಂತ್ರಿಗಳು ಎಲ್ಲವನ್ನೂ ಕೇಳುತ್ತ ಕೂರುವುದಿಲ್ಲ.

ಆ ಏಪ್ರಿಲ್‌ನಲ್ಲಿ ನಮ್ಮ ಟೀಚರ್ ಮನೆಯಲ್ಲೇ ಮಾಡಲು ಒಂದು ಪಾಠ ಕಳಿಸಿದರು: ನೀವು ಎಂದೂ ನೋಡದ ಒಂದು ಊರಿನ ಬಗ್ಗೆ, ಅದನ್ನು ನೋಡಿದ ಒಬ್ಬರನ್ನು ಕೇಳಿ ಬರೆಯಿರಿ. ಅಕ್ಕ ಮೈಸೂರಿನ ಬಗ್ಗೆ ಹೇಳುತ್ತೇನೆಂದಳು. ಮೈಸೂರನ್ನು ನಾನು ನೋಡಿದ್ದೆ. ಹೀಗಾಗಿ ದಿನವೂ ಹನ್ನೊಂದು ಗಂಟೆಗೆ ಹಿತ್ತಲ ಗೋಡೆಯ ಆಚೆ ನೊನ್ನೊ ಕುರ್ಚಿ ಹಾಕಿಕೊಂಡರೆ, ಈಚೆ ನಾನು ಉಲ್ಟಾ ಹಾಕಿದ ಬಕೆಟ್ಟಿನ ಮೇಲೆ ಕಾಪಿ ಪುಸ್ತಕ ಹಿಡಿದು ಕೂರುತ್ತಿದ್ದೆ. ನಡುವೆ ಎರಡು ಮೀಟರ್. ಅಪ್ಪ ಟೇಪಿನಿಂದ ಅಳೆದು ಸೀಮೆಸುಣ್ಣದ ಗೆರೆ ಎಳೆದಿದ್ದರು.

ನೊನ್ನೊ ಅವರ ಊರು ಕಾಸಲಾತ್ತಿಕೊ. ರೋಮಿನಿಂದ ಆಚೆ, ದಕ್ಷಿಣಕ್ಕೆ, ಬೆಟ್ಟದ ಭುಜದ ಮೇಲೆ ಹಕ್ಕಿ ಕೂತ ಹಾಗೆ ಕೂತ ಊರು. ಅಲ್ಲಿಂದ ಒಬ್ಬ ಐರ್ಲೆಂಡಿಗೆ ಬಂದು ಚಿಪ್ಪರ್ ತೆರೆದ, ತಮ್ಮನನ್ನು ಕರೆಸಿಕೊಂಡ, ಆ ತಮ್ಮ ತನ್ನ ಭಾವಮೈದನನ್ನು ಕರೆಸಿದ. ಕೊನೆಗೆ ಐರ್ಲೆಂಡಿನ ಯಾವ ಚಿಪ್ಪರಿಗೆ ಹೋದರೂ ಎಣ್ಣೆಯ ಮುಂದೆ ಅದೇ ಊರಿನವರು ನಿಂತಿರುತ್ತಿದ್ದರು. ಮೊದಲು ಬಂದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮೀನು, ಚಿಪ್ಸಿನ ಕಡೆ ಬೆರಳು ತೋರಿಸಿ ಗಿರಾಕಿಗಳನ್ನು 'ಇದೊಂದು, ಅದೊಂದು?' ಅಂತ ಕೇಳುತ್ತಿದ್ದರಂತೆ. ಡಬ್ಲಿನ್ನಿನ ಹಳಬರು ಈಗಲೂ ಮೀನು-ಚಿಪ್ಸನ್ನು ಹಾಗೇ ಕೇಳುತ್ತಾರೆ ಎಂದು ನೊನ್ನೊ ಹೇಳಿದರು. ಆಗಸ್ಟ್‌ನಲ್ಲಿ ಎಲ್ಲರೂ ರಜೆಗೆ ಊರಿಗೆ ಹೋಗುತ್ತಾರೆ. ಇಟಲಿಯ ಬೆಟ್ಟದ ಮೇಲೆ ಐರ್ಲೆಂಡಿನ ಬಾವುಟ ಕಟ್ಟಿ, ಹಬ್ಬ ಮಾಡಿ, ವರ್ಷವಿಡೀ ಕರಿದು ಬೇಸತ್ತ ಅದೇ ಮೀನನ್ನು ಅಲ್ಲಿಯೂ ಕರಿಯುತ್ತಾರೆ. "ರಜೆಯಲ್ಲವೇ" ಎಂದರು ನೊನ್ನೊ.

ಯುದ್ಧದ ಕಥೆಯನ್ನೂ ಬರೆಸಿದರು. ಅವರು ಚಿಕ್ಕವರಿದ್ದಾಗ ಸೈನ್ಯಗಳು ಹತ್ತಿರ ಬಂದವು. ಒಂದು ಇಡೀ ಚಳಿಗಾಲ ಬೆಟ್ಟದ ಗುಹೆಯಲ್ಲಿ ಹನ್ನೊಂದು ಜನ, ಎರಡು ಆಡು. "ಆಗಲೂ ಹೊರಗೆ ಹೋಗಬೇಡ ಅಂದರು, ಈಗಲೂ ಅನ್ನುತ್ತಾರೆ. ಈಗ ಟೀವಿ ಇದೆ, ಆಡಿಲ್ಲ. ಗ್ರ್ಯಾಂಡ್." ಗ್ರ್ಯಾಂಡ್ ಎಂಬುದು ಐರ್ಲೆಂಡಿನವರ ದೊಡ್ಡ ಮಾತು. ಚೆನ್ನಾಗಿದ್ದೇನೆ, ಸಾಕು, ಪರವಾಗಿಲ್ಲ, ಸಾಯುತ್ತಿದ್ದೇನೆ ಆದರೆ ನಿಮಗೇಕೆ ತೊಂದರೆ, ಎಲ್ಲಕ್ಕೂ ಅದೊಂದೇ.

ಊರಿನ ವಿವರವನ್ನು ಅವರು ನಡೆದುಕೊಂಡು ಹೋಗುವ ಹಾಗೆ ಬರೆಸಿದರು. ಬಸ್ಸು ಬಿಡುವುದು ಕೆಳಗೆ ಮೆಲ್ಫಾ ನದಿಯ ಹತ್ತಿರ. ಮೇ ತಿಂಗಳಲ್ಲೂ ಕಾಲಿಟ್ಟರೆ ಕಚ್ಚುವ ನೀರು. ಅಲ್ಲಿಂದ ಸುತ್ತಿ ಸುತ್ತಿ ಏರುವ ರಸ್ತೆ, ಎರಡೂ ಕಡೆ ಬೂದುಬಣ್ಣದ ಎಲೆಯ ಆಲಿವ್ ಮರಗಳು. ಆಮೇಲೆ ಒಂದು ಕಾರಂಜಿ. ಅವರ ತಾಯಿ ತಾಮ್ರದ ಕೊಡ ತುಂಬಿಸಿ ತಲೆಯ ಮೇಲೆ ಹೊತ್ತು ತರುತ್ತಿದ್ದ ಜಾಗ. ಆಮೇಲೆ ಕಲ್ಲಿನ ಮೆಟ್ಟಿಲುಗಳು, ನಡುವೆ ಸವೆದು ಬಟ್ಟಲಿನ ಹಾಗೆ ಆಗಿದ್ದವು. ಆಮೇಲೆ ಸಾನ್ ಬಾರ್ಬಾತೊ ಇಗರ್ಜಿ, ಅದರ ಗಂಟೆ. ಪ್ರತಿಯೊಂದಕ್ಕೂ ಇಟಲಿಯ ಮಾತನ್ನು ಪಕ್ಕದಲ್ಲಿ ಬರೆಯಿಸಿ, ನನ್ನಿಂದ ಹೇಳಿಸಿ, ತಪ್ಪಿದರೆ ಮತ್ತೆ ಹೇಳಿಸುತ್ತಿದ್ದರು. ಇಗರ್ಜಿಯಿಂದ ಅವರ ಮನೆಗೆ ಹೋಗುವ ಕೊನೆಯ ಪುಟ ಮಾತ್ರ ಉಳಿದಿತ್ತು. ಮೇ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಪಾಠ ಕಳಿಸಬೇಕಿತ್ತು.

ಆ ಶುಕ್ರವಾರ ಹನ್ನೊಂದಕ್ಕೆ ನಾನು ಬಕೆಟ್ಟಿನ ಮೇಲೆ ಕೂತೆ. ಆಚೆ ಕುರ್ಚಿ ಬರಲಿಲ್ಲ. ಗುರುವಾರವೂ ಬಂದಿರಲಿಲ್ಲ, ತಲೆನೋವು, ಆದರೆ ಗ್ರ್ಯಾಂಡ್, ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದರಂತೆ. ಒಳ್ಳೆಯ ಬಿಸಿಲಿತ್ತು. ಐರ್ಲೆಂಡಿನಲ್ಲಿ ಅಂಥ ವಸಂತ ಬರುವುದೇ ಅಪರೂಪ. ಹೊರಗೆ ಹೋಗಬಾರದ ವರ್ಷವನ್ನೇ ಹುಡುಕಿಕೊಂಡು ಬಂದಿತ್ತು. ಹನ್ನೊಂದೂವರೆಗೆ ನಾನು ಅವರ ಮುಂದಿನ ಅಂಗಳಕ್ಕೆ ಹೋಗಿ ಕಿಟಕಿ ತಟ್ಟಿದೆ.

ನೊನ್ನೊ ಒಳಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಆ ಬಿಸಿಲಿನಲ್ಲಿ ಕೋಟು ಹಾಕಿಕೊಂಡಿದ್ದರು, ತಲೆಗೆ ಟೋಪಿ. ನನ್ನನ್ನು ನೋಡಿದರು. ಕೈ ಸ್ವಲ್ಪ ಮೇಲೆತ್ತಿ ರಸ್ತೆಯ ಕಡೆ ತೋರಿಸಿದರು.

"ಕಾಸಾ" ಎಂದರು.

"ನೊನ್ನೊ, ಇವತ್ತು ಶುಕ್ರವಾರ" ಎಂದೆ.

"ಕಾಸಾ. ಕಾಸಾ."

ದೊಡ್ಡವರು ಎರಡು ಸಲ ಹೇಳಿದ ಮೇಲೆ ವಾದಿಸಬಾರದೆಂದು ನನಗೆ ಕಲಿಸಿದ್ದರು. ಪಕ್ಕದ ಓಣಿಗೆ ಹೋಗಿ ಕಪ್ಪು ಡಬ್ಬಿಯನ್ನು ಎಳೆದುಕೊಂಡು ಬಂದೆ. ಅದು ಹಗುರವಾಗಿತ್ತು. ಎರಡು ದಿನದ ಹಿಂದೆ ನಾನೇ ಖಾಲಿ ಮಾಡಿಸಿದ್ದ ಡಬ್ಬಿ, ಚಕ್ರ ಉರುಳುವಾಗ ಡೋಲಿನಂತೆ ಸದ್ದು ಮಾಡಿತು. ಅದನ್ನು ಗೇಟಿನ ಹೊರಗೆ ನಿಲ್ಲಿಸಿ ಹೆಬ್ಬೆರಳು ತೋರಿಸಿದೆ. ಅವರು ನಗಲಿಲ್ಲ.

"ಕಾಸಾ" ಎಂದರು ಮತ್ತೆ. ಗಾಜಿನ ಮೇಲೆ ಉಸಿರಿನ ಮಂಜು ಕೂಡ ಮೂಡದಷ್ಟು ಮೆಲ್ಲಗೆ.

ಬಣ್ಣ ತಪ್ಪಿರಬೇಕೆಂದು ಹಸಿರು ಡಬ್ಬಿ ತಂದೆ. ಆಮೇಲೆ ಕಂದು. ಒಬ್ಬರೇ ಇರುವ ಮನೆಯ ಕಸ ಎಷ್ಟಿದ್ದೀತು, ಮೂರೂ ಖಾಲಿಯೇ. ರಸ್ತೆಯಲ್ಲಿ ಒಂದೇ ಒಂದು ಮನೆಯ ಮುಂದೆ ಮೂರು ಖಾಲಿ ಡಬ್ಬಿಗಳು ಶುಕ್ರವಾರದ ಬಿಸಿಲಿಗೆ ಸಾಲಾಗಿ ನಿಂತಿದ್ದವು. ಸಮುದ್ರಹಕ್ಕಿಯೊಂದು ಬಂದು ಕಂದು ಡಬ್ಬಿಯ ಮೇಲೆ ಕೂತು, ಒಳಗೇನೂ ಇಲ್ಲವೆಂದು ತಿಳಿದು, ನನ್ನನ್ನು ನೋಡಿ ಹಾರಿಹೋಯಿತು. ಏನು ತಪ್ಪಾಗಿದೆ ಎಂದು ನನಗೆ ಗೊತ್ತಿರಲಿಲ್ಲ, ತಪ್ಪಾಗಿದೆ ಎಂದು ಮಾತ್ರ ಗೊತ್ತಿತ್ತು.

ಅಕ್ಕ ಮೇಲಿನ ಕಿಟಕಿಯಿಂದ ತಲೆ ಹೊರಹಾಕಿದಳು.

"ಏಯ್ ಮಂಗಾ! ಇವತ್ತು ಯಾರ್ ಬರ್ತಾರೆ ಅಂತ ಮೂರೂ ಇಟ್ಟಿದೀಯ? ಮೆರವಣಿಗೆನಾ?"

"ನೊನ್ನೊ ಹೇಳಿದ್ರು. ಆದ್ರೆ ಅವರು ಒಂಥರಾ ಇದಾರೆ ಅಕ್ಕಾ."

"ಅವ್ರು ಗ್ರ್ಯಾಂಡ್ ಕಣೋ. ನಿಂದೇ ಒಂಥರಾ."

ನಾನು ಒಳಗೆ ಬಂದು ಮೇಜಿನ ಮುಂದೆ ಕೂತೆ. ಕೊನೆಯ ಪುಟ ಬರುವುದಿಲ್ಲವಾದರೆ ಇದ್ದಷ್ಟನ್ನೇ ಶುದ್ಧವಾಗಿ ಬರೆದು ಕಳಿಸೋಣವೆಂದು ಕಾಪಿಯ ಮೊದಲ ಪುಟ ತೆಗೆದೆ. ಮೂರು ವಾರದ ಹಿಂದೆ ಬರೆದದ್ದು. ಬರೆಯುವುದು ನನ್ನ ಕೆಲಸ, ತಿಳಿಯುವುದು ಟೀಚರ ಕೆಲಸ ಎಂದು ನಂಬಿದ್ದ ಕಾಲದ ಅಕ್ಷರ. ಮೊದಲ ಸಾಲು ಹೀಗಿತ್ತು: 'ಈ ಊರಿಗೆ ಹೆಸರು ಬಂದದ್ದು ರೋಮನ್ನರ ಕಾಲದ ಅತ್ತಿಕೊ ಎಂಬುವನಿಂದ ಎಂದು ಹೇಳುತ್ತಾರೆ. ಕಾಸಾ ಎಂದರೆ ಮನೆ. ಕಾಸಲಾತ್ತಿಕೊ ಎಂದರೆ ಅತ್ತಿಕೊನ ಮನೆ.'

ಕಾಸಾ ಎಂದರೆ ಮನೆ.

ಬುಧವಾರಗಳಲ್ಲಿ ಅವರು ಯಾಕೆ ನಗುತ್ತಿದ್ದರೆಂದು ಆಗ ತಿಳಿಯಿತು. ಪಕ್ಕದ ಮನೆಯಾಕೆ ವಾರಕ್ಕೊಮ್ಮೆ ಹಿತ್ತಲಲ್ಲಿ ನಿಂತು 'ಮನೆ! ಮನೆ!' ಎಂದು ಕಿರುಚಿದರೆ ಯಾರಿಗಾದರೂ ನಗು ಬರುತ್ತದೆ. ಆದರೆ ಇವತ್ತು ಅವರು ನಕ್ಕಿರಲಿಲ್ಲ. ಕೋಟು ತೊಟ್ಟು, ಟೋಪಿ ಇಟ್ಟು, ತಮ್ಮ ಮನೆಯೊಳಗೇ ಕೂತು ಮನೆ, ಮನೆ ಅನ್ನುತ್ತಿದ್ದರು. ನನಗೆ ಒಂಬತ್ತೇ ವರ್ಷವಾದರೂ, ಮನೆಯಲ್ಲಿ ಕೂತವರು ಮನೆಗೆ ಹೊರಟರೆ ಅದು ಒಳ್ಳೆಯದಲ್ಲ ಎಂದು ಅರ್ಥವಾಯಿತು. ಗಡಿಯಾರದಲ್ಲಿ ಹನ್ನೆರಡೂ ಹತ್ತು. ನಾನು ನಲವತ್ತು ನಿಮಿಷ ಡಬ್ಬಿ ಎಳೆದಿದ್ದೆ.

ಅಮ್ಮನ ಬಾಗಿಲ ಹಿಡಿಗೆ ಕೆಂಪು ದುಪಟ್ಟಾ ಕಟ್ಟಿತ್ತು. ಮೀಟಿಂಗ್ ನಡೆಯುತ್ತಿದೆ, ಮನೆಗೆ ಬೆಂಕಿ ಬಿದ್ದರೆ ಮಾತ್ರ ಬಾ, ಎಂದು ಅದರ ಅರ್ಥ. ಅಪ್ಪ ರಾತ್ರಿ ಡ್ಯೂಟಿ ಮುಗಿಸಿ ಬಂದು ಮಹಡಿಯ ಚಿಕ್ಕ ಕೋಣೆಯಲ್ಲಿ ಮಲಗಿದ್ದರು. ಆ ಬಾಗಿಲನ್ನು ನಾವು ಎಂಟು ವಾರದಿಂದ ಮುಟ್ಟಿರಲಿಲ್ಲ. ಊಟದ ತಟ್ಟೆ ಹೊರಗೆ ಸ್ಟೂಲಿನ ಮೇಲೆ; ನಾವು ಕೆಳಗಿಳಿದ ಮೇಲೆ ಅಪ್ಪ ತೆಗೆದುಕೊಳ್ಳುತ್ತಿದ್ದರು. ಒಂದು ಬಾಗಿಲಿಗೆ ಬೈಗುಳ, ಇನ್ನೊಂದಕ್ಕೆ ರೋಗ. ನಾನು ಮೆಟ್ಟಿಲ ನಡುವೆ ನಿಂತು ಉಗುರು ಕಚ್ಚಿದೆ. ಆಮೇಲೆ ಮೇಲೆ ಹತ್ತಿ, ಎರಡು ಮುಷ್ಟಿಯಿಂದಲೂ ಬಾಗಿಲು ಬಡಿದೆ.

"ಯಾರದು? ದೂರ ನಿಂತ್ಕೋ!" ಅಪ್ಪನ ನಿದ್ದೆಯ ಧ್ವನಿ.

"ಅಪ್ಪಾ, ನೊನ್ನೊ ಮನೇಲೇ ಕೂತ್ಕೊಂಡು ಮನೆ, ಮನೆ ಅಂತಿದಾರೆ."



"ಯಾವ ಭಾಷೇಲಿ?"

"ಅವರ ಭಾಷೇಲಿ. ಇಂಗ್ಲಿಷ್ ಮಾತಾಡ್ತಾನೇ ಇಲ್ಲ."

ಮಂಚ ಕಿರುಗುಟ್ಟಿತು. ಅಪ್ಪ ಮಾಸ್ಕು ಕಟ್ಟಿಕೊಳ್ಳುತ್ತ, ಬರಿಗಾಲಲ್ಲಿ, ಫೋನು ಕಿವಿಗಿಟ್ಟುಕೊಂಡು ಹೊರಗೆ ಬಂದರು. ಆಂಬುಲೆನ್ಸಿಗೆ ವಿಳಾಸ ಹೇಳುತ್ತಲೇ ಮೆಟ್ಟಿಲಿಳಿದರು. ನನಗೂ ಒಂದು ಮಾಸ್ಕು ಕೊಟ್ಟರು. "ವಯಸ್ಸಾದವ್ರಿಗೆ ಜ್ವರ ಏರಿ ಉಸಿರು ಕಮ್ಮಿ ಆದ್ರೆ ಆಮೇಲೆ ಕಲಿತ ಭಾಷೆ ಮೊದಲು ಹೋಗುತ್ತೆ" ಎಂದರು, ನನಗೋ ತಮಗೋ.

ನೊನ್ನೊ ಅವರ ಬೀಗದ ಕೈ ನಮ್ಮಲ್ಲಿತ್ತು. ಆದರೆ ಅವರು ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು; ಹಿತ್ತಲ ಬಾಗಿಲಿಗೂ. ಅಪ್ಪ ಕಿಟಕಿಯಲ್ಲಿ ಮುಖವಿಟ್ಟು ಇಂಗ್ಲಿಷಿನಲ್ಲಿ ಕೂಗಿದರು. ನೊನ್ನೊ ತಿರುಗಲೂ ಇಲ್ಲ. ತುಟಿಯ ಬಣ್ಣ ನೋಡಿ ಅಪ್ಪನ ಹುಬ್ಬು ಕೂಡಿತು.

"ಗಾಜು ಒಡೀಬಹುದು. ಗಾಬರಿಯಾಗಿ ಎದ್ದು ಬಿದ್ರೆ ಕಷ್ಟ" ಎಂದವರು ನನ್ನ ಕಡೆ ನೋಡಿದರು. "ನಿಂಗೆ ಅವರ ಭಾಷೆ ಏನ್ ಬರುತ್ತೆ?"

"ಊರಿನದು ಬರುತ್ತೆ. ನದಿ, ಮೆಟ್ಲು, ಅಂಥದ್ದು."

"ಕಾಪಿ ತಗೊಂಡ್ ಬಾ. ಓಡು."

ಐರ್ಲೆಂಡಿನ ಬಾಗಿಲುಗಳಲ್ಲಿ ಕಾಗದ ಹಾಕಲು ಒಂದು ಸೀಳು ಇರುತ್ತದೆ. ನಾನು ಮಂಡಿಯೂರಿ, ಅದರ ಹಿತ್ತಾಳೆಯ ರೆಕ್ಕೆಯನ್ನು ಬೆರಳಿನಿಂದ ಎತ್ತಿ ಹಿಡಿದೆ. ಒಳಗಿನಿಂದ ವಿಕ್ಸಿನ ಮತ್ತು ಮುಚ್ಚಿದ ಮನೆಯ ವಾಸನೆ ಬಂತು. ಕಾಪಿ ಬಿಡಿಸಿ ಓದತೊಡಗಿದೆ. ನನ್ನ ಧ್ವನಿ ನನಗೇ ಕೇಳಿಸುತ್ತಿರಲಿಲ್ಲ.

"ಜೋರಾಗಿ" ಎಂದರು ಅಪ್ಪ ಕಿಟಕಿಯ ಬಳಿಯಿಂದ.

"ಫ್ಯೂಮೆ ಮೆಲ್ಫಾ!" ನದಿ. ನೊನ್ನೊ ಹೇಳಿಸಿದ ಹಾಗೆಯೇ, ಎರಡನೆಯ ಮಾತನ್ನು ಒತ್ತಿ. "ಮೆಲ್ಫಾ, ನೊನ್ನೊ! ಫ್ಯೂಮೆ ಮೆಲ್ಫಾ!"

"ತಲೆ ಎತ್ತಿದ್ರು" ಎಂದರು ಅಪ್ಪ. "ನಿಲ್ಲಿಸ್ಬೇಡ."

"ಒಲೀವಿ!" ಆಲಿವ್ ಮರಗಳು. "ಒಲೀವಿ, ಒಲೀವಿ!"

"ಎದ್ರು. ಗೋಡೆ ಹಿಡ್ಕೊಂಡಿದಾರೆ. ನಿಧಾನವಾಗಿ ಓದು, ಅವಸರ ಮಾಡಿಸ್ಬೇಡ."

"ಫೊಂತಾನಾ." ಕಾರಂಜಿ. ಹಜಾರದ ಹಲಗೆಯ ಮೇಲೆ ಚಪ್ಪಲಿಯ ಸದ್ದು ಬಂತು. ಸರ್, ಸರ್, ಆಮೇಲೆ ಏನೂ ಇಲ್ಲ. ಅಪ್ಪನಿಗೆ ಕಿಟಕಿಯಿಂದ ಅವರು ಈಗ ಕಾಣುತ್ತಿರಲಿಲ್ಲ. ನನಗೆ ಸೀಳಿನಲ್ಲಿ ಅವರ ಕೋಟಿನ ತುದಿ ಮಾತ್ರ ಕಂಡಿತು. ನಿಂತಿದ್ದರು. ಕಾರಂಜಿಯ ಹತ್ತಿರ ತಾಯಿ ಕೊಡ ತುಂಬಿಸಿಕೊಳ್ಳಲಿ ಎಂದು ಕಾಯುತ್ತಿದ್ದರೋ ಏನೋ. ಅವರ ಉಸಿರು ಗರಗಸ ಎಳೆದ ಹಾಗಿತ್ತು.

"ಸ್ಕಾಲಾ, ನೊನ್ನೊ." ಮೆಟ್ಟಿಲು. "ಸ್ಕಾಲಾ."

ಸರ್. ಸರ್.

"ಸಾನ್ ಬಾರ್ಬಾತೊ!"

ಕೋಟು ಹತ್ತಿರ ಬಂತು. ಗುಂಡಿಗಳು ಕಂಡವು, ಮೇಲಿನದು ಕೆಳಗಿನ ತೂತಿಗೆ ಹಾಕಿದ್ದು. ನಾನು ಪುಟ ತಿರುಗಿಸಿದೆ. ಮುಂದಿನ ಪುಟ ಖಾಲಿ.

ಅದೇ ಇವತ್ತು ಬರೆಸಬೇಕಿದ್ದ ಪುಟ. ಇಗರ್ಜಿಯಿಂದ ಎಡಕ್ಕೋ ಬಲಕ್ಕೋ, ಏರೋ ಇಳಿಯೋ, ನನಗೆ ಗೊತ್ತಿಲ್ಲ. ಅವರನ್ನು ಅವರ ಊರಿನ ಇಗರ್ಜಿಯ ಮುಂದೆ ತಂದು ನಿಲ್ಲಿಸಿ ದಾರಿ ಮುಗಿದುಹೋಗಿತ್ತು. ಒಳಗೆ ಅವರು ಬಾಗಿಲಿನಿಂದ ಎರಡು ಹೆಜ್ಜೆ ದೂರದಲ್ಲಿ ತೂಗಾಡುತ್ತಿದ್ದರು.

"ಓದೋ!" ಎಂದರು ಅಪ್ಪ.

"ಮುಗೀತು ಅಪ್ಪಾ. ಇಲ್ಲಿಂದ ಬರ್ಸಿಲ್ಲ."

ಅಪ್ಪ ಕಲ್ಲು ಹುಡುಕುವವರ ಹಾಗೆ ಅಂಗಳದ ಸುತ್ತ ನೋಡಿದರು. ಆಗ ನಾನು ಬಾಯಿ ಸೀಳಿಗೆ ಒತ್ತಿ, ನನಗೆ ಉಳಿದಿದ್ದ ಒಂದೇ ಮಾತನ್ನು ಕೂಗಿದೆ.

"ಕಾಸಾ! ನೊನ್ನೊ, ಕಾಸಾ!"

ಆಚೆಯಿಂದ ಬೆರಳುಗಳು ಮರವನ್ನು ತಡವುವ ಸದ್ದು ಬಂತು. ಒಂದು ಸಲ ಜಾರಿತು. ಇನ್ನೊಂದು ಸಲ. ಆಮೇಲೆ ಚಿಲಕ ಸರಿಯಿತು.

ಅಪ್ಪ ನನ್ನ ಕಾಲರು ಹಿಡಿದು ಹಿಂದಕ್ಕೆಳೆದು, "ಗೇಟಿನಾಚೆ ಹೋಗು! ಏನೂ ಮುಟ್ಬೇಡ!" ಎಂದು ತಾವು ಒಳಗೆ ನುಗ್ಗಿದರು. ಬೀಳುತ್ತಿದ್ದವರನ್ನು ಕಂಕುಳಲ್ಲಿ ಹಿಡಿದದ್ದು ಕಂಡಿತು. ಆಂಬುಲೆನ್ಸು ಬಂದಾಗ ಗೇಟಿನ ದಾರಿಗೆ ಅಡ್ಡವಾಗಿ ನನ್ನ ಮೂರು ಡಬ್ಬಿಗಳು ನಿಂತಿದ್ದವು. ಅಕ್ಕ ಓಡಿಬಂದು ಎರಡನ್ನು ಎಳೆದಳು, ನಾನು ಒಂದನ್ನು. ಇಡೀ ಮೈಗೆ ಬಿಳಿ ಉಡುಪು ತೊಟ್ಟ ಇಬ್ಬರು ನೊನ್ನೊ ಅವರನ್ನು ಕರೆದುಕೊಂಡು ಹೋದರು. ಮುಖದ ಮೇಲೆ ಆಮ್ಲಜನಕದ ಮಾಸ್ಕು. ಟೋಪಿ ಇನ್ನೂ ತಲೆಯ ಮೇಲೇ ಇತ್ತು. ಅಮ್ಮ ಮೀಟಿಂಗಿನ ನಡುವೆ ಎದ್ದು ಬಂದು, ಹೆಡ್‌ಫೋನು ಕುತ್ತಿಗೆಯಲ್ಲೇ ಇದ್ದ ಹಾಗೆ ಬಾಗಿಲಲ್ಲಿ ನಿಂತು, ಗಾಲ್ವೇಯ ಮಗಳಿಗೆ ಫೋನು ಮಾಡುತ್ತಿದ್ದಳು.

ಪಾಠವನ್ನು ಐದು ಗಂಟೆಗೆ ಕಳಿಸಿದೆ. ಊರು ಪೂರ್ತಿಯಾಗಿಲ್ಲ ಎಂದು ಟೀಚರ್ ಬರೆದರು. ನಿಜವೇ.

ಅಪ್ಪ ಮತ್ತೆ ಹದಿನಾಲ್ಕು ದಿನ ಚಿಕ್ಕ ಕೋಣೆಗೆ ಸೇರಿದರು. ಈ ಸಲ ಡ್ಯೂಟಿಗೂ ಹೋಗುವಂತಿರಲಿಲ್ಲ; ಆಸ್ಪತ್ರೆಯ ಗೆಳೆಯರಿಗೆ ಫೋನು ಮಾಡಿ ವಿಚಾರಿಸುತ್ತಿದ್ದರು. ನಾನು ದಿನವೂ ತಟ್ಟೆ ಇಡುವ ನೆಪದಲ್ಲಿ ಬಾಗಿಲ ಮುಂದೆ ನಿಲ್ಲುತ್ತಿದ್ದೆ.

"ಅಪ್ಪಾ, ನಾನು ಡಬ್ಬಿ ಎಳೀತಾ ಕೂರ್ದೆ ಮೊದಲೇ ಹೇಳಿದ್ರೆ?"

"ಹೇಳೋಕಾಗಲ್ಲ ಕಣೋ."

"ಇವತ್ತು ಹೇಗಿದಾರೆ?"

"ನಿನ್ನೆ ಥರಾನೇ. ನಾಳೆ ಕೇಳು."

ನಾಳೆಯೂ ಕೇಳಿದೆ. ಅದರ ನಾಳೆಯೂ. ಗ್ರ್ಯಾಂಡ್ ಎಂದು ಅಪ್ಪ ಒಂದು ದಿನವೂ ಹೇಳಲಿಲ್ಲ. ಅದೇ ನನಗೆ ಹೆದರಿಕೆ. ಬುಧವಾರಗಳಲ್ಲಿ ಅಮ್ಮ ಕೂಗುವುದನ್ನು ಬಿಟ್ಟಳು. ಮೆಲ್ಲಗೆ ಬಂದು ಬೆನ್ನು ತಟ್ಟುತ್ತಿದ್ದಳು, ನಾನು ಒಂದೇ ಮನೆಯ ಡಬ್ಬಿ ಎಳೆಯುತ್ತಿದ್ದೆ.

ಈಗ, ಇಷ್ಟು ವರ್ಷಗಳಾದ ಮೇಲೆ, ಇದನ್ನು ಹೇಳಿದಾಗ ನನ್ನ ಮೊಮ್ಮಕ್ಕಳು ನನ್ನನ್ನು ಕನಿಕರದಿಂದ ನೋಡುತ್ತಾರೆ. ಅವರ ಕಿವಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಯಂತ್ರವೊಂದಿದೆ. ಯಾರು ಯಾವ ಭಾಷೆಯಲ್ಲಿ ಗೊಣಗಿದರೂ ಅದು ಕನ್ನಡ ಮಾಡಿಯೋ ಇಂಗ್ಲಿಷ್ ಮಾಡಿಯೋ ಉಸುರುತ್ತದೆ. ಕಾಸಾ ಅಂದ ಅರ್ಧ ಉಸಿರಿನಲ್ಲಿ ಮನೆ ಎಂದು ಹೇಳಿಬಿಡುತ್ತಿತ್ತು. ಮುದುಕರ ಮಣಿಕಟ್ಟಿನ ಪಟ್ಟಿ ಅವರಿಗಿಂತ ಮೊದಲೇ ಜ್ವರವನ್ನು ಕಂಡುಹಿಡಿದು ಡಾಕ್ಟರಿಗೆ ಚಾಡಿ ಹೇಳುತ್ತದೆ. ನನಗೂ ಕಟ್ಟಿದ್ದಾರೆ, ನಾನು ಎರಡನೆಯ ಸಲ ಜಾಮೂನು ತಿಂದರೆ ಸೊಸೆಗೆ ಗೊತ್ತಾಗುತ್ತದೆ. ಇವೆಲ್ಲ ಒಳ್ಳೆಯವೇ. ಆ ನಲವತ್ತು ನಿಮಿಷಗಳಲ್ಲಿ ಇವುಗಳಲ್ಲಿ ಯಾವುದಾದರೂ ಒಂದು ನನ್ನ ಬಳಿ ಇರಬೇಕಿತ್ತು ಎಂದು ನಾನು ಈಗಲೂ ಅಂದುಕೊಳ್ಳುತ್ತೇನೆ. ಪಕ್ಕದ ಮನೆಯವರ ಊರು ಯಾವುದು ಎಂದು ಮೊಮ್ಮಗನನ್ನು ಕೇಳಿದರೆ ಅವನಿಗೆ ಗೊತ್ತಿಲ್ಲ. ದೂರುವ ಹಾಗಿಲ್ಲ. ನನಗೂ ಗೊತ್ತಾದದ್ದು ಟೀಚರ್ ಅಂಕ ಕೊಡುತ್ತೇನೆಂದ ಮೇಲೆಯೇ.

ನೊನ್ನೊ ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಇದ್ದರು. ಇಪ್ಪತ್ತೇಳನೆಯ ದಿನ ಮಧ್ಯಾಹ್ನ ಮನೆಗೆ ಬಂದರು.